ಮೂಗಿಗೆ ಯಂತ್ರ ಬಂತು, ಗಾಳಿ ಎಲ್ಲಿಂದ ತರ್ತೀರಿ?

"ಹೈ-ಫ್ಲೋ ಹಾಕಿದ್ದಾರಂತೆ, ಇನ್ನೇನೂ ಭಯವಿಲ್ಲ." ಜಿಲ್ಲಾ ಆಸ್ಪತ್ರೆಗಳ ಎದುರಿನ ಟೀ ಅಂಗಡಿಗಳಲ್ಲಿ 2020ರಿಂದ ಈಚೆಗೆ ಕೇಳಿಬರುವ ಮಾತಿದು. ಅದಕ್ಕೆ ಮುಂಚೆ ದೊಡ್ಡ ಆಸ್ಪತ್ರೆಗಳ ಐಸಿಯು ಬಾಗಿಲೊಳಗೆ ಮಾತ್ರ ಓಡಾಡುತ್ತಿದ್ದ ಈ ಹೆಸರು ಕೋವಿಡ್ ಕಾಲದಲ್ಲಿ ಸಂತೆಮಾಳದವರೆಗೂ ಬಂತು. ವರ್ತಕರ ಸಂಘಗಳು ಚಂದಾ ಎತ್ತಿ ಯಂತ್ರ ಕೊಟ್ಟವು. ಹಾರ ಹಾಕಿ ಫೋಟೋ ತೆಗೆಸಿದ್ದೂ ಆಯಿತು.

ಒಳ್ಳೆಯ ಕೆಲಸವೇ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಯಂತ್ರ ಕೊಟ್ಟವರೂ ಕೇಳದ, ಪಡೆದವರೂ ಹೇಳದ ಮಾತು ಒಂದಿದೆ. ಈ ಯಂತ್ರ ಆಮ್ಲಜನಕವನ್ನು ತಯಾರು ಮಾಡುವುದಿಲ್ಲ, ಖರ್ಚು ಮಾಡುತ್ತದೆ. ಆ ಖರ್ಚು ಎಷ್ಟು, ಅದನ್ನು ತೂಗಿಸುವವರು ಯಾರು, ನಡುರಾತ್ರಿ ರೋಗಿಯ ಉಸಿರು ಎಣಿಸುವವರು ಯಾರು? ಈ ಮೂರಕ್ಕೂ ಉತ್ತರವಿದ್ದರೆ ಮಾತ್ರ ಅದು ಜೀವ ಉಳಿಸುವ ಯಂತ್ರ. ಇಲ್ಲದಿದ್ದರೆ ಮೂಲೆಯಲ್ಲಿ ಧೂಳು ಹಿಡಿಯುವ ಮತ್ತೊಂದು ಪೆಟ್ಟಿಗೆ.

ಏನಿದು ಯಂತ್ರ?

ನೋಡಲು ದೊಡ್ಡದೇನಲ್ಲ. ಸ್ಟ್ಯಾಂಡಿನ ಮೇಲೆ ಕೂರುವ ಒಂದು ಪೆಟ್ಟಿಗೆ. ಕೋಣೆಯ ಗಾಳಿಯನ್ನೂ ಆಮ್ಲಜನಕವನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸುತ್ತದೆ. ಬೆರೆಸಿದ್ದನ್ನು ಬಿಸಿನೀರಿನ ಪುಟ್ಟ ಪಾತ್ರೆಯ ಮೇಲೆ ಹಾಯಿಸುತ್ತದೆ. ಆಗ ಗಾಳಿಗೆ ಮೈಯ ಶಾಖ, ಅಂದರೆ 37 ಡಿಗ್ರಿ ಬರುತ್ತದೆ, ಹಿಡಿಯುವಷ್ಟೂ ತೇವ ಸೇರುತ್ತದೆ. ಅಲ್ಲಿಂದ ದಪ್ಪ ಕೊಳವೆಯ ಮೂಲಕ ಎರಡು ಮೂಗಿನ ಹೊಳ್ಳೆಗೂ ನುಗ್ಗುತ್ತದೆ. ದೊಡ್ಡವರಿಗೆ ನಿಮಿಷಕ್ಕೆ 60 ಲೀಟರಿನವರೆಗೂ ಕೊಡಬಹುದು. ಆಮ್ಲಜನಕದ ಪಾಲನ್ನು ಮಾಮೂಲು ಗಾಳಿಯ ಶೇಕಡಾ 21ರಿಂದ 100ರವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ವಾರ್ಡಿನಲ್ಲಿ ಕಾಣುವ ಮಾಮೂಲು ತೆಳು ಕೊಳವೆಯಲ್ಲಿ ಬರುವುದು ನಿಮಿಷಕ್ಕೆ 1ರಿಂದ 6 ಲೀಟರು. ಚೀಲ ಕಟ್ಟಿದ ಮಾಸ್ಕಿನಲ್ಲಿ 10ರಿಂದ 15 ಲೀಟರು. ಹೈ-ಫ್ಲೋದಲ್ಲಿ 60. ಅಷ್ಟು ಯಾಕೆ ಬೇಕು ಅಂತ ಕೇಳಬಹುದು. ಅಲ್ಲೇ ಇರುವುದು ಗುಟ್ಟು.

ಸುಮ್ಮನೆ ಕೂತ ಆರೋಗ್ಯವಂತ ಒಂದು ಉಸಿರು ಎಳೆದುಕೊಳ್ಳುವಾಗ ಗಾಳಿ ನುಗ್ಗುವ ವೇಗ ನಿಮಿಷಕ್ಕೆ ಸುಮಾರು 30 ಲೀಟರು. ನ್ಯುಮೋನಿಯಾ ಬಂದು ಏದುಸಿರು ಬಿಡುವವನದು 60 ದಾಟುತ್ತದೆ, ಕೆಲವರಲ್ಲಿ 100ರ ಹತ್ತಿರ ಹೋಗುತ್ತದೆ. ಅಂಥವನಿಗೆ 15 ಲೀಟರಿನ ಮಾಸ್ಕ್ ಕಟ್ಟಿದರೆ ಉಳಿದದ್ದನ್ನು ಎಲ್ಲಿಂದ ಎಳೆಯಬೇಕು? ಮಾಸ್ಕಿನ ಸಂದಿಯಿಂದ ಕೋಣೆಯ ಗಾಳಿ ನುಗ್ಗುತ್ತದೆ. ಕೊಟ್ಟ ಆಮ್ಲಜನಕ ತೆಳುವಾಗುತ್ತದೆ, ಹಾಲಿಗೆ ನೀರು ಬೆರೆತ ಹಾಗೆ. ಹೈ-ಫ್ಲೋ ಅವನ ಎಳೆತಕ್ಕೆ ಸರಿಸಮನಾಗಿ ನಿಲ್ಲುವುದರಿಂದ ಈ ಕಲಬೆರಕೆ ಕಡಿಮೆಯಾಗುತ್ತದೆ.

ಇನ್ನೊಂದು ಲಾಭವಿದೆ. ದೊಡ್ಡವರ ಒಂದು ಉಸಿರು ಸುಮಾರು 500 ಮಿಲಿಲೀಟರು. ಅದರಲ್ಲಿ 150ರಷ್ಟು ಮೂಗು, ಗಂಟಲು, ಶ್ವಾಸನಾಳದ ದಾರಿಯಲ್ಲೇ ಉಳಿದುಬಿಡುತ್ತದೆ, ಒಳಗೆ ತಲುಪುವುದೇ ಇಲ್ಲ. ಒಳಗಿಂದ ಬಂದ ಹಳಸಿದ ಗಾಳಿ ಈ ದಾರಿಯಲ್ಲಿ ನಿಂತು ಮುಂದಿನ ಉಸಿರಿನ ಜೊತೆ ಮತ್ತೆ ಒಳಗೆ ಹೋಗುತ್ತದೆ. ರಭಸದ ಗಾಳಿ ಮೂಗು ಗಂಟಲಲ್ಲಿ ನಿಂತದ್ದನ್ನು ತೊಳೆದುಬಿಡುತ್ತದೆ. ಮೂಗು ಒಣಗುವುದಿಲ್ಲ, ಕಫ ಗಟ್ಟಿಯಾಗುವುದಿಲ್ಲ. ಬಾಯಿ ಬಿಡುವಾಗಿರುವುದರಿಂದ ಎರಡು ತುತ್ತು ಗಂಜಿ ಕುಡಿಯಬಹುದು, ಮನೆಯವರ ಜೊತೆ ನಾಲ್ಕು ಮಾತಾಡಬಹುದು. ವೆಂಟಿಲೇಟರಿನ ಕೊಳವೆ ಗಂಟಲಿಗೆ ಇಳಿದವನಿಗೆ ಈ ಭಾಗ್ಯವಿಲ್ಲ.

ಪರೀಕ್ಷೆ ಏನು ಹೇಳುತ್ತದೆ?

ಹಾಗಾದರೆ ಇದು ಸಂಜೀವಿನಿಯೇ? ಲೆಕ್ಕ ನೋಡಿ ಹೇಳುವುದು ಒಳ್ಳೆಯದು.

2015ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ದೇಶಗಳ ವೈದ್ಯರು 310 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲ ಪ್ರಕಟವಾಯಿತು. 90 ದಿನಗಳೊಳಗೆ ತೀರಿಕೊಂಡವರು ಹೈ-ಫ್ಲೋ ಗುಂಪಿನಲ್ಲಿ 100ಕ್ಕೆ 12, ಮಾಮೂಲು ಆಮ್ಲಜನಕದ ಗುಂಪಿನಲ್ಲಿ 100ಕ್ಕೆ 23. ಆದರೆ ಗಂಟಲಿಗೆ ಕೊಳವೆ ಹಾಕಬೇಕಾದವರ ಸಂಖ್ಯೆಯಲ್ಲಿ ಖಚಿತವಾಗಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಕೊಲಂಬಿಯಾ ದೇಶದ 3 ಆಸ್ಪತ್ರೆಗಳ ಸುಮಾರು 200 ಕೋವಿಡ್ ರೋಗಿಗಳ ಲೆಕ್ಕ ಬಂತು. ಕೊಳವೆ ಹಾಕಬೇಕಾದವರು ಹೈ-ಫ್ಲೋದಲ್ಲಿ 100ಕ್ಕೆ 34, ಮಾಮೂಲಿನಲ್ಲಿ 51.

ಇಷ್ಟು ಕೇಳಿ ಹಿಗ್ಗುವಷ್ಟರಲ್ಲಿ 2022ರಲ್ಲಿ ಬ್ರಿಟನ್ನಿನ ದೊಡ್ಡ ಪರೀಕ್ಷೆಯ ಫಲ ಬಂತು. ಸಾವಿರದ ಇನ್ನೂರಕ್ಕೂ ಹೆಚ್ಚು ಕೋವಿಡ್ ರೋಗಿಗಳು. 30 ದಿನದಲ್ಲಿ ಕೊಳವೆ ಹಾಕಿಸಿಕೊಂಡವರು ಅಥವಾ ತೀರಿಕೊಂಡವರು ಹೈ-ಫ್ಲೋದಲ್ಲಿ 100ಕ್ಕೆ 44, ಮಾಮೂಲಿನಲ್ಲಿ 45. ಹೆಚ್ಚುಕಡಿಮೆ ಸಮಸಮ. ಅದೇ ಪರೀಕ್ಷೆಯಲ್ಲಿ ಬಿಗಿ ಮಾಸ್ಕ್ ಕಟ್ಟಿ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಎಂಬ ಉಪಾಯ ಹೆಚ್ಚು ಜನಕ್ಕೆ ನೆರವಾಯಿತು, ಅಲ್ಲಿ 36.

ಅಂಗಡಿ ಇಟ್ಟವರ ಭಾಷೆಯಲ್ಲಿ ಹೇಳುವುದಾದರೆ, ಹೈ-ಫ್ಲೋ ಸಾಲ ತೀರಿಸುವುದಿಲ್ಲ, ವಾಯಿದೆ ಕೊಡಿಸುತ್ತದೆ. ಶ್ವಾಸಕೋಶ ಚೇತರಿಸಿಕೊಳ್ಳಲು ಮೂರು ದಿನವೋ ಐದು ದಿನವೋ ಸಮಯ ಸಿಗುತ್ತದೆ. ಆ ಸಮಯದಲ್ಲಿ ಔಷಧಿ ಕೆಲಸ ಮಾಡಬೇಕು, ರೋಗ ಇಳಿಯಬೇಕು. ವಾಯಿದೆ ಸಿಕ್ಕಿತೆಂದು ನಿದ್ದೆ ಹೋದವನ ಗತಿ ಏನಾಗುತ್ತದೆ ಅನ್ನುವುದು ಪೇಟೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಬಿಡಿಗಾಸು ಖರ್ಚಿಲ್ಲದ ಉಪಾಯವೂ ಒಂದಿದೆ. ಎಚ್ಚರವಿರುವ ರೋಗಿಯನ್ನು ಬೋರಲು ಮಲಗಿಸುವುದು. 2021ರಲ್ಲಿ 6 ದೇಶಗಳ 1,126 ಕೋವಿಡ್ ರೋಗಿಗಳಲ್ಲಿ ಇದನ್ನು ನೋಡಲಾಯಿತು. ಎಲ್ಲರೂ ಹೈ-ಫ್ಲೋದಲ್ಲಿದ್ದವರೇ. ಚಿಕಿತ್ಸೆ ಕೈಕೊಟ್ಟದ್ದು ಬೋರಲು ಮಲಗಿದವರಲ್ಲಿ 100ಕ್ಕೆ 40, ಉಳಿದವರಲ್ಲಿ 46. ನಿಂತು ಹೇಳಿ ಮಲಗಿಸುವ ಒಬ್ಬ ದಾದಿ ಇದ್ದರೆ ಸಾಕು.

ಎಲ್ಲರಿಗೂ ಒಗ್ಗಲ್ಲ

"ನಮ್ಮಪ್ಪನಿಗೂ ಅದನ್ನೇ ಹಾಕಿ" ಅಂತ ಡಾಕ್ಟರ ಹತ್ತಿರ ಜಗಳಕ್ಕೆ ನಿಲ್ಲುವವರು ಇದ್ದಾರೆ. ಸಂಕಟದಲ್ಲಿ ಆಡುವ ಮಾತು, ತಪ್ಪೆನ್ನಲಾಗದು. ಆದರೆ ಈ ಯಂತ್ರ ರೋಗಿಯ ಬದಲು ಉಸಿರಾಡುವುದಿಲ್ಲ. ಉಸಿರು ಎಳೆಯುವ ಕೆಲಸ ರೋಗಿಯದೇ. ಇವನು ಎಳೆದಾಗ ಒಳ್ಳೆಯ ಗಾಳಿ ಸಿಗುವಂತೆ ನೋಡಿಕೊಳ್ಳುವುದಷ್ಟೇ ಯಂತ್ರದ ಕೆಲಸ.

ಆದ್ದರಿಂದ ಹೊಲಕ್ಕೆ ಹೊಡೆಯುವ ಕೀಟನಾಶಕ ಕುಡಿದು ಬಂದವರು, ನಾಗರ ಇಲ್ಲವೇ ಕಟ್ಟು ಹಾವು ಕಚ್ಚಿ ಮೈ ಸೋಲುತ್ತಿರುವವರು ಇವರಿಗೆ ಹೈ-ಫ್ಲೋ ನೆಚ್ಚಿಕೊಂಡು ಕೂರುವಂತಿಲ್ಲ. ಅಲ್ಲಿ ಉಸಿರಿನ ಸ್ನಾಯುವೇ ಕೈಬಿಡುತ್ತದೆ. ಕಣ್ಣುರೆಪ್ಪೆ ಜೋಲುತ್ತಿದೆ, ಮಾತು ತೊದಲುತ್ತಿದೆ ಅಂದರೆ ವೆಂಟಿಲೇಟರ್ ಇರುವ ಕಡೆಗೆ ಓಡಬೇಕು. ಪ್ರಜ್ಞೆ ತಪ್ಪುತ್ತಿರುವವರಿಗೂ, ರಕ್ತದೊತ್ತಡ ಕುಸಿದವರಿಗೂ ಇದೇ ಮಾತು.

ಬೀಡಿ ಸೇದಿ ಸೇದಿ, ಸೌದೆ ಒಲೆ ಊದಿ ಊದಿ ಎದೆ ಕಟ್ಟಿಕೊಂಡ ಹಳೆಯ ದಮ್ಮಿನವರದು ಬೇರೆಯೇ ಕಥೆ. ಇವರಲ್ಲಿ ಹಲವರಿಗೆ ಆಮ್ಲಜನಕ ಜಾಸ್ತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಹತ್ತುತ್ತದೆ. ಬೆರಳಿನ ಮೀಟರಿನಲ್ಲಿ 88ರಿಂದ 92 ಇದ್ದರೆ ಇಂಥವರಿಗೆ ಸಾಕು ಅನ್ನುತ್ತಾರೆ ವೈದ್ಯರು. "ನೂರು ಯಾಕೆ ತೋರಿಸ್ತಿಲ್ಲ?" ಎಂದು ಮನೆಯವರೇ ಗುಂಡಿ ತಿರುಗಿಸಿ ಏರಿಸಿದರೆ ಅಪಾಯ ಕೈಯಾರೆ ತಂದುಕೊಂಡಂತೆ.

ಸಿಲಿಂಡರಿನ ಲೆಕ್ಕ

ಈಗ ಪೇಟೆಯವರಿಗೆ ಚೆನ್ನಾಗಿ ತಿಳಿಯುವ ಲೆಕ್ಕಕ್ಕೆ ಬರೋಣ. ಕಪ್ಪು ಮೈ, ಬಿಳಿ ಹೆಗಲಿನ ಆಳುದ್ದದ ದೊಡ್ಡ ಆಮ್ಲಜನಕ ಸಿಲಿಂಡರ್ ಎಲ್ಲರೂ ನೋಡಿದ್ದೇ. ಅದರಲ್ಲಿ ಹಿಡಿಯುವುದು ಸುಮಾರು 7,000 ಲೀಟರ್ ಅನಿಲ.

ತೆಳು ಕೊಳವೆಯಲ್ಲಿ ನಿಮಿಷಕ್ಕೆ 2 ಲೀಟರಿನಂತೆ ಬಿಟ್ಟರೆ ಅದು ಎರಡು ದಿನ ದಾಟಿ ಬರುತ್ತದೆ. ಹೈ-ಫ್ಲೋದಲ್ಲಿ 60 ಲೀಟರ್, ಪೂರ್ತಿ ಆಮ್ಲಜನಕ ಅಂತ ಇಟ್ಟರೆ? 2 ತಾಸು ಕೂಡ ಬರುವುದಿಲ್ಲ. ಒಂದು ಸಿನಿಮಾ ಮುಗಿಯುವ ಮೊದಲೇ ಸಿಲಿಂಡರ್ ಖಾಲಿ. ಒಬ್ಬನೇ ರೋಗಿಗೆ ದಿನಕ್ಕೆ 86,400 ಲೀಟರು, ಅಂದರೆ 12ಕ್ಕೂ ಹೆಚ್ಚು ಸಿಲಿಂಡರು. ಶೇಕಡಾ 60ಕ್ಕೆ ಇಳಿಸಿ, ಉಳಿದದ್ದಕ್ಕೆ ಕೋಣೆಯ ಗಾಳಿ ಬೆರೆಸಿದರೂ ನಿಮಿಷಕ್ಕೆ 30 ಲೀಟರಿನಷ್ಟು ಆಮ್ಲಜನಕ ಬೇಕೇ ಬೇಕು. ಆಗಲೂ ದಿನಕ್ಕೆ 6 ಸಿಲಿಂಡರು.

2021ರ ಏಪ್ರಿಲ್-ಮೇ ತಿಂಗಳಲ್ಲಿ ರಾಜ್ಯಗಳಿಗೆ ಆಮ್ಲಜನಕ ಹಂಚುವಾಗ ಕೇಂದ್ರ ಸರಕಾರ ಹಿಡಿದ ಲೆಕ್ಕ ಐಸಿಯು ಹಾಸಿಗೆಗೆ ನಿಮಿಷಕ್ಕೆ 24 ಲೀಟರು, ಮಾಮೂಲು ಆಮ್ಲಜನಕ ಹಾಸಿಗೆಗೆ 10 ಲೀಟರು. ಹೈ-ಫ್ಲೋ ಪೂರ್ತಿ ತಿರುಗಿಸಿದರೆ ಒಂದೇ ಹಾಸಿಗೆ ಎರಡೂವರೆ ಐಸಿಯು ಹಾಸಿಗೆಯ ಪಾಲು ನುಂಗುತ್ತದೆ. ಕೊರತೆಯಿರುವ ಆಸ್ಪತ್ರೆಯಲ್ಲಿ ಅದು ಬೇರೆ ಆರು ಮಂದಿ ರೋಗಿಗಳ ಪಾಲು.

ಸಿಲಿಂಡರ್ ನೆಚ್ಚಿಕೊಂಡು ಈ ಯಂತ್ರ ನಡೆಸುವುದು ಬಿಂದಿಗೆಯಲ್ಲಿ ನೀರು ತಂದು ತೋಟ ಬೆಳೆದ ಹಾಗೆ. ದ್ರವ ಆಮ್ಲಜನಕದ ಟ್ಯಾಂಕ್ ಇರಬೇಕು. ಸೊನ್ನೆಗಿಂತ 183 ಡಿಗ್ರಿ ಕೆಳಗಿನ ಚಳಿಯಲ್ಲಿ ದ್ರವವಾಗುವ ಆಮ್ಲಜನಕದ ಒಂದು ಲೀಟರು ಆವಿಯಾದರೆ ಸುಮಾರು 860 ಲೀಟರ್ ಅನಿಲ ಬರುತ್ತದೆ. 12 ಸಿಲಿಂಡರಿನ ಸರಕು 100 ಲೀಟರ್ ದ್ರವದಲ್ಲಿ ಅಡಗುತ್ತದೆ. ಟ್ಯಾಂಕ್ ಇದ್ದರೂ ಲಾರಿ ಬರಬೇಕು. ಕರ್ನಾಟಕದಲ್ಲಿ ಆ ದ್ರವದ ದೊಡ್ಡ ಪಾಲು ಬರುವುದು ಬಳ್ಳಾರಿ ಕಡೆಯ ಉಕ್ಕಿನ ಸೀಮೆಯಿಂದ.

2021ರ ನಂತರ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳ ಅಂಗಳದಲ್ಲೇ ಗಾಳಿಯಿಂದ ಆಮ್ಲಜನಕ ಸೋಸುವ ಘಟಕಗಳು ಬಂದವು. ಒಳ್ಳೆಯದೇ. ಆದರೆ ನಿಮಿಷಕ್ಕೆ 500 ಲೀಟರಿನ ಘಟಕ ಪೂರ್ತಿ ಓಡಿದರೂ 60 ಲೀಟರಿನ ಹೈ-ಫ್ಲೋ ಎಂಟು ಜನಕ್ಕೆ ಮಾತ್ರ. ಮಿಕ್ಕ ವಾರ್ಡುಗಳಿಗೆ ಉಳಿಯುವುದು ಇಪ್ಪತ್ತು ಲೀಟರು. ಕರೆಂಟು ಹೋದರೆ ಘಟಕವೂ ನಿಂತಿತು. ಇನ್ನು ಮನೆಯಲ್ಲಿಟ್ಟುಕೊಳ್ಳುವ ಕಾನ್ಸಂಟ್ರೇಟರ್ ಕೊಡುವುದು 5 ಅಥವಾ 10 ಲೀಟರು. ಅದರಿಂದ ಹೈ-ಫ್ಲೋ ಪೂರ್ತಿ ನಡೆಸುವ ಮಾತೇ ಇಲ್ಲ.

ಚಾಮರಾಜನಗರದ ರಾತ್ರಿ

ಆಮ್ಲಜನಕದ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಪರದೇಶಕ್ಕೆ ಹೋಗಬೇಕಾಗಿಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ತೀರುತ್ತಾ ಬಂತು. ಸಿಲಿಂಡರುಗಳು ಮೈಸೂರಿನಿಂದ ಬರಬೇಕಿತ್ತು. ಒಂದು ದಿನದೊಳಗೆ ತೀರಿಕೊಂಡವರು 24 ಮಂದಿ. ಆಮ್ಲಜನಕವಿಲ್ಲದೆ ಸತ್ತವರು ಮೂವರೇ ಎಂಬ ಹೇಳಿಕೆ ಮೊದಲು ಬಂತು. ಮೈಸೂರು ಕೊಡಲಿಲ್ಲ, ಚಾಮರಾಜನಗರ ಕೇಳಲಿಲ್ಲ ಅಂತ ಎರಡು ಜಿಲ್ಲೆಗಳ ನಡುವೆ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಹೈಕೋರ್ಟು ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಸಮಿತಿ ಸಾವುಗಳಿಗೆ ಆಮ್ಲಜನಕದ ಕೊರತೆಯೇ ಕಾರಣವೆಂದು ವರದಿ ಕೊಟ್ಟಿತು.

ಆ ದುರಂತವನ್ನು ಹೈ-ಫ್ಲೋ ಯಂತ್ರದ ತಲೆಗೆ ಕಟ್ಟುವಂತಿಲ್ಲ. ಆದರೆ ಪಾಠ ಅದೇ. ಎರಡು ಊರಿನ ನಡುವೆ ಇರುವುದು ಸುಮಾರು 60 ಕಿಲೋಮೀಟರು, ಬಸ್ಸಿನವರು ದಿನಾ ಓಡಾಡುವ ದಾರಿ. ಸಿಲಿಂಡರ್ ನೆಚ್ಚಿಕೊಂಡ ಆಸ್ಪತ್ರೆಗೆ ಆ ದಾರಿ ಒಂದು ರಾತ್ರಿ ದಾಟಲಾರದಷ್ಟು ಉದ್ದವಾಯಿತು.

ರೋಗಿಯನ್ನು ಸಾಗಿಸುವುದಕ್ಕೂ ಇದೇ ಲೆಕ್ಕ. ಸಣ್ಣ ಸಿಲಿಂಡರಿನಲ್ಲಿ ಇರುವುದು ಸುಮಾರು 1,500 ಲೀಟರು. ನಿಮಿಷಕ್ಕೆ 60ರಂತೆ ಬಿಟ್ಟರೆ 25 ನಿಮಿಷ. ಚಾಮರಾಜನಗರ ಬಿಟ್ಟ ಗಾಡಿ ನಂಜನಗೂಡು ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. ಹಲವು ಯಂತ್ರಗಳಿಗೆ ಬ್ಯಾಟರಿಯೂ ಇರುವುದಿಲ್ಲ. ಆದ್ದರಿಂದ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎನ್ನುವ ತೀರ್ಮಾನ ರೋಗಿ ಪೂರ್ತಿ ಸೋಲುವ ಮೊದಲೇ ಆಗಬೇಕು.

ರಾತ್ರಿ ಪಾಳಿಯಲ್ಲಿ ಯಾರಿದ್ದಾರೆ?

ಮೂರನೆಯದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಹೈ-ಫ್ಲೋದಲ್ಲಿ ಇರುವ ರೋಗಿ ನೋಡುವುದಕ್ಕೆ ಆರಾಮವಾಗಿ ಕಾಣುತ್ತಾನೆ. ಬೆರಳಿನ ಮೀಟರ್ 92 ತೋರಿಸುತ್ತಿದೆ, ಮಾತೂ ಆಡುತ್ತಿದ್ದಾನೆ. ಮನೆಯವರಿಗೂ ಸಮಾಧಾನ. ಒಳಗೆ ಅವನು ಸೋಲುತ್ತಿರಬಹುದು.

ಅದನ್ನು ಹಿಡಿಯಲು ಸ್ಪೇನಿನ ಬಾರ್ಸಿಲೋನಾದ ವೈದ್ಯರು ಸುಲಭದ ಲೆಕ್ಕ ಕೊಟ್ಟಿದ್ದಾರೆ. ರಾಕ್ಸ್ ಅಂತ ಅದಕ್ಕೆ ಹೆಸರು. ಬೆರಳಿನ ಮೀಟರಿನ ಅಂಕಿಯನ್ನು ಕೊಡುತ್ತಿರುವ ಆಮ್ಲಜನಕದ ಪಾಲಿನಿಂದ ಭಾಗಿಸಿ, ಬಂದದ್ದನ್ನು ನಿಮಿಷದ ಉಸಿರಿನ ಎಣಿಕೆಯಿಂದ ಭಾಗಿಸಬೇಕು. ಶೇಕಡಾ 60 ಆಮ್ಲಜನಕದಲ್ಲಿ ಇಬ್ಬರಿಗೂ 92 ಇದೆ ಅನ್ನಿ. 92ನ್ನು 0.6ರಿಂದ ಭಾಗಿಸಿದರೆ 153. ಒಬ್ಬ ನಿಮಿಷಕ್ಕೆ 24 ಸಲ ಉಸಿರಾಡುತ್ತಾನೆ, ಅವನ ಅಂಕ 6.4. ಇನ್ನೊಬ್ಬ 40 ಸಲ, ಅವನ ಅಂಕ 3.8. ನ್ಯುಮೋನಿಯಾ ರೋಗಿಗಳ ಬಗ್ಗೆ 2019ರಲ್ಲಿ ಅದೇ ವೈದ್ಯರು ಕೊಟ್ಟ ಲೆಕ್ಕದ ಪ್ರಕಾರ 4.88 ಅಥವಾ ಮೇಲಿದ್ದರೆ ಕೊಳವೆ ಹಾಕುವ ಪ್ರಮೇಯ ಕಡಿಮೆ. 12 ತಾಸಾದ ಮೇಲೂ 3.85ಕ್ಕಿಂತ ಕೆಳಗಿದ್ದರೆ ಯಂತ್ರ ಕೈಕೊಡುವ ಲಕ್ಷಣ. ಮೀಟರಿನಲ್ಲಿ ಇಬ್ಬರೂ ಒಂದೇ. ಉಸಿರು ಎಣಿಸಿದವರಿಗೆ ಮಾತ್ರ ವ್ಯತ್ಯಾಸ ಗೊತ್ತು.

ಎಣಿಸದೆ ಬಿಟ್ಟರೆ ಏನು? ದಕ್ಷಿಣ ಕೊರಿಯಾದ ವೈದ್ಯರು 2015ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಹೈ-ಫ್ಲೋ ಫಲಿಸದೆ ಕೊನೆಗೆ ಗಂಟಲಿಗೆ ಕೊಳವೆ ಹಾಕಿಸಿಕೊಂಡವರು 175 ಮಂದಿ. 48 ತಾಸಿನೊಳಗೆ ಹಾಕಿಸಿಕೊಂಡವರಲ್ಲಿ ಐಸಿಯುನಲ್ಲಿ ತೀರಿಕೊಂಡವರು 100ಕ್ಕೆ 39. ತಡಮಾಡಿದವರಲ್ಲಿ 67. ಅಂದರೆ ಜೀವ ಉಳಿಸಲೆಂದು ಇಟ್ಟ ಯಂತ್ರವೇ, ಗಮನವಿಲ್ಲದಿದ್ದರೆ, ಅಪಾಯವನ್ನು ಮುಚ್ಚಿಡುವ ಪರದೆ ಆಗಬಲ್ಲದು. ಯಂತ್ರದ ಪಕ್ಕದಲ್ಲಿ ಅರ್ಧ ತಾಸಿಗೊಮ್ಮೆ ಬಂದು ನಿಲ್ಲುವ ಒಬ್ಬ ದಾದಿ, ಕರೆದ ತಕ್ಷಣ ಬರುವ ಒಬ್ಬ ವೈದ್ಯ, ಪಕ್ಕದಲ್ಲೇ ಸಿದ್ಧವಾಗಿರುವ ಒಂದು ವೆಂಟಿಲೇಟರ್ ಇವಿಷ್ಟೂ ಇದ್ದರೆ ಮಾತ್ರ ಹೈ-ಫ್ಲೋ ಇಡುವುದಕ್ಕೆ ಅರ್ಥ.

ದಾನ ಕೊಡುವವರು ಕೇಳಲಿ

ಮುಂದಿನ ಸಲ ಯಂತ್ರ ಕೊಡಲು ಹೊರಡುವ ಸಂಘದವರು ಆಸ್ಪತ್ರೆಯವರನ್ನು ಐದು ಮಾತು ಕೇಳಲಿ. ಮುಲಾಜು ಬೇಡ, ಚಂದಾ ಕೊಟ್ಟವರ ಹಕ್ಕು ಅದು.

ಹಾಸಿಗೆವರೆಗೂ ಆಮ್ಲಜನಕದ ಪೈಪ್‌ಲೈನ್ ಇದೆಯೇ, ಕೊನೆಯ ಹಾಸಿಗೆಯಲ್ಲೂ ಒತ್ತಡ ನಿಲ್ಲುತ್ತದೆಯೇ?

ಟ್ಯಾಂಕು ಎಷ್ಟು ದಿನಕ್ಕೆ ಬರುತ್ತದೆ, ಲಾರಿ ತಡವಾದರೆ ಏನು ಏರ್ಪಾಡು?

ಕರೆಂಟು ಹೋದರೆ ಜನರೇಟರ್ ಎಷ್ಟು ಹೊತ್ತಿಗೆ ಹತ್ತಿಕೊಳ್ಳುತ್ತದೆ, ಡೀಸೆಲ್‌ಗೆ ದುಡ್ಡು ಯಾರದು?

ಮೂಗಿನ ಕೊಳವೆ ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗೆ ಆಗದು. ಪಾತ್ರೆಗೆ ಶುದ್ಧೀಕರಿಸಿದ ನೀರೇ ಬೇಕು, ನಲ್ಲಿ ನೀರು ಸುರಿಯುವಂತಿಲ್ಲ. ಇವನ್ನು ವರ್ಷಪೂರ್ತಿ ಕೊಳ್ಳುವವರು ಯಾರು?

ರಾತ್ರಿ ಪಾಳಿಯಲ್ಲಿ ಇದನ್ನು ಬಲ್ಲ ದಾದಿಯರು ಎಷ್ಟು ಮಂದಿ?

ಐದಕ್ಕೂ ಸರಿಯಾದ ಉತ್ತರ ಬಂದರೆ ಯಂತ್ರ ಕೊಡಿ, ಪುಣ್ಯ ಬರುತ್ತದೆ. ಬರದಿದ್ದರೆ ಅದೇ ದುಡ್ಡಿನಲ್ಲಿ ಸೋರುವ ಪೈಪಿಗೆ ರಿಪೇರಿ ಮಾಡಿಸಿ, ಮೀಟರುಗಳನ್ನು ಕೊಡಿಸಿ, ನಾಲ್ಕು ದಾದಿಯರ ತರಬೇತಿಗೆ ನೆರವಾಗಿ. ಅದಕ್ಕೆ ಹಾರ ಹಾಕಿ ಫೋಟೋ ತೆಗೆಯಲು ಬರುವುದಿಲ್ಲ, ನಿಜ. ಉಸಿರು ನಿಲ್ಲುವುದು ಅದರಿಂದಲೇ.

ಮನೆಯವರು ಮಾಡಬಹುದಾದ್ದೂ ಇದೆ. ಗುಂಡಿ ಮುಟ್ಟಬೇಡಿ. ಊಟದ ಹೊತ್ತಿಗೆ ಕೊಳವೆ ಜಾರಿದ್ದರೆ ದಾದಿಯನ್ನು ಕರೆಯಿರಿ. ಹಾಸಿಗೆಯ ಪಕ್ಕ ಕೂತಾಗ ಗಡಿಯಾರ ನೋಡಿಕೊಂಡು ಒಂದು ನಿಮಿಷ ಎದೆ ಏರಿಳಿಯುವುದನ್ನು ಎಣಿಸಿ. ದೊಡ್ಡವರಿಗೆ 12ರಿಂದ 20 ಸರಿ. 30 ದಾಟಿ ಏರುತ್ತಿದ್ದರೆ, ಕುತ್ತಿಗೆಯ ನರ ಬಿಗಿಯುತ್ತಿದ್ದರೆ, ಮಾತು ತುಂಡಾಗುತ್ತಿದ್ದರೆ, ಮೀಟರ್ ಏನೇ ತೋರಿಸಲಿ, ಕೂಗಿ ಹೇಳಿ. ಗಂಟಲಿಗೆ ಕೊಳವೆ ಹಾಕಬೇಕು ಅಂತ ವೈದ್ಯರು ಹೇಳಿದಾಗ "ಇನ್ನೊಂದು ದಿನ ಇದರಲ್ಲೇ ನೋಡೋಣ" ಅಂತ ಚೌಕಾಸಿಗೆ ಇಳಿಯಬೇಡಿ. ಕೊರಿಯಾದ ಲೆಕ್ಕದಲ್ಲಿ 39 ಮತ್ತು 67ರ ನಡುವೆ ಇದ್ದದ್ದು ಆ ಒಂದೆರಡು ದಿನವೇ.